ಹನ್ನೊಂದು ಕಿಟಕಿ, ಒಂದು ಸಬ್ಮಿಟ್

‘ಎಲ್ಲಾರೂ ಕೈ ತಗೀರಿ!’

ಕಳೆದ ಶನಿವಾರ, ಸಂಜೆ ನಾಲ್ಕು ನಲವತ್ತೊಂದು. ಖಾನಾಪುರ ಬಸ್ ಸ್ಟ್ಯಾಂಡ್ ಹತ್ತಿರದ ಆನ್‌ಲೈನ್ ಅರ್ಜಿ ಅಂಗಡಿ. ಒಡತಿ ಶಾಂತಕ್ಕ ಕೂಗಿದ್ದೇ ತಡ, ಮೂರು ಕಂಪ್ಯೂಟರ್‌ಗಳ ಮುಂದೆ ಕೂತವರು ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ನಾನೂ ಲ್ಯಾಪ್‌ಟಾಪಿನಿಂದ ಕೈ ತೆಗೆದೆ. ಪೊಲೀಸ್ ರೇಡೇ?

ಅಲ್ಲ. ನಾಲ್ಕನೇ ಕಂಪ್ಯೂಟರಿನಲ್ಲಿ ಒಂದು ಅರ್ಜಿಯ ‘ಸಬ್ಮಿಟ್’ ಒತ್ತುವುದಿತ್ತು. ಅಂಗಡಿಗೆ ಇರುವುದು ಒಂದೇ ಲೈನ್, ಅದೂ ಬಡಕಲು. ಯಾರದೇ ಸಬ್ಮಿಟ್ ಬಂದರೂ ಉಳಿದವರು ಕೆಲಸ ನಿಲ್ಲಿಸಬೇಕು. (ಆಂಬುಲೆನ್ಸಿಗೆ ದಾರಿ ಬಿಟ್ಟ ಹಾಗೆ.)

ನಿಧಾನದ ನೆಟ್ ನನಗೆ ಹೊಸದಲ್ಲ. ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲೂ ಅದೇ ಕಥೆ. ಆದರೆ ನಾನು ಅದನ್ನು ಗೆದ್ದಿದ್ದೇನೆ ಎಂದುಕೊಂಡಿದ್ದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತೋ, ಬ್ರೌಸರಿನಲ್ಲಿ ಇನ್ನೊಂದು ಕಿಟಕಿ ತೆರೆಯುವುದು. ಅದೂ ತಿರುಗಿತೋ, ಮತ್ತೊಂದು. ನಡುವೆ ಬೆಳ್ಳುಳ್ಳಿ ಸುಲಿಯುವುದು. ಡೈರಿಯಲ್ಲಿ ಲೆಕ್ಕ ಇದೆ: ಸೋಮವಾರ, ಚಕ್ರ ಹದಿನಾಲ್ಕು ಸಲ, ಕಾದದ್ದು ಐವತ್ತೆರಡು ನಿಮಿಷ. ಆ ಹೊತ್ತಿನಲ್ಲಿ ಮುಗಿದದ್ದು ಎರಡು ಗಡ್ಡೆ ಬೆಳ್ಳುಳ್ಳಿ, ಒಂದು ಅಂಗಿಯ ಗುಂಡಿ, ಮೂರು ಮೇಲ್. (ನಗಬೇಡಿ. ಎಲ್ಲಕ್ಕೂ ಲೆಕ್ಕ ಬರೆದಿಡುವುದು ನನ್ನ ಚಟ.)

ಶನಿವಾರ ಅತ್ತೆಯನ್ನು ನೋಡಲು ಖಾನಾಪುರಕ್ಕೆ ಹೋಗಿದ್ದೆ. ಆಫೀಸಿಗೆ ಫೋಟೊ ಕಳಿಸುವುದಿತ್ತು. ಅತ್ತೆಯ ಮನೆಯಲ್ಲಿ ಸಿಗ್ನಲ್ ಸಿಗುವುದು ನೀರಿನ ಟಾಕಿಯ ಮೇಲೆ ಮಾತ್ರ. ಹಾಗಾಗಿ ಶಾಂತಕ್ಕನ ಅಂಗಡಿ, ಶಾಂತಕ್ಕನ ವೈಫೈ.

ನಾಲ್ಕನೇ ಕಂಪ್ಯೂಟರಿನ ಮುಂದಿದ್ದವಳು ಮಾಯವ್ವ. ನರ್ಸಿಂಗ್ ಸೀಟಿಗೆ ಕಾಲೇಜು ಆರಿಸಬೇಕು, ಗಡುವು ಐದಕ್ಕೆ. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತ ಅಪ್ಪ. ‘ಕುರಿ ಕಾಯೂ ಮನಿತನರೀ ನಮ್ಮದು. ಇಷ್ಟು ಕಲತಾಕಿ ಇಕೀನ ಮೊದಲ,’ ಎಂದು ಕೇಳದವರಿಗೂ ಹೇಳುತ್ತಿದ್ದರು.

ಸಬ್ಮಿಟ್ ಒತ್ತಿದಳು. ಚಕ್ರ. ನಾಲ್ಕು ನಲವತ್ತೈದಕ್ಕೆ ಪರದೆ ‘ಸಮಯ ಮೀರಿದೆ, ಮತ್ತೆ ಪ್ರಯತ್ನಿಸಿ’ ಎಂದಿತು. ಮತ್ತೆ ಒತ್ತಿದಳು. ಮತ್ತೆ ಚಕ್ರ. ನಾಲ್ಕು ಐವತ್ತಕ್ಕೆ ಮತ್ತೆ ಅದೇ.

ಪ್ರಿಂಟಿಗೆ ಕಾದಿದ್ದ ಮರಾಠಿ ಅಜ್ಜ ಕೇಳಿದರು, ‘ಝಾಲಂ ಕಾ?’

‘ನಾಹೀ ಆಜೋಬಾ, ಇನ್ನೂ ಆಗಿಲ್ಲ. ಕುಂದರ್ರಿ,’ ಎಂದರು ಶಾಂತಕ್ಕ.

‘ಅಕ್ಕಾರ, ಐದು ಹೊಡದ್ರ ನನ್ನ ಸೀಟು ಹೋತೇನ್ರಿ?’ ಮಾಯವ್ವ ಶಾಂತಕ್ಕನತ್ತ ತಿರುಗಿದಳು.

ಅವಳ ಅಪ್ಪ ಪರದೆಯನ್ನೇ ನೋಡುತ್ತಿದ್ದರು. ‘ಸಣ್ಣ ಸಂದಿಯಾಗ ಕುರಿ ಒಂದೊಂದ ದಾಟಬೇಕು. ಯಾವುದೋ ಒಂದು ಅಡ್ಡ ನುಗ್ಗಾಕತ್ತೈತಿ ನೋಡ್ರಿ.’

‘ಯಾರದರ ಏನರ ನಡದೈತೇನು?’ ಶಾಂತಕ್ಕ ಸುತ್ತ ನೋಡಿದರು. ಎಲ್ಲರೂ ಖಾಲಿ ಕೈ ತೋರಿಸಿದರು. ನಾನಂತೂ ಎರಡೂ ಕೈ ತೋರಿಸಿದೆ.

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲವಲ್ಲ? ಡೈರಿ ತೆಗೆದೆ. ‘ಖಾನಾಪುರ, ಚಕ್ರ ಎರಡು’ ಎಂದು ಬರೆದೆ. ‘ತೆರೆದ ಕಿಟಕಿ ಎಷ್ಟು’ ಎಂಬ ಕಾಲಂ ತುಂಬಲು ಲ್ಯಾಪ್‌ಟಾಪ್ ಕಡೆ ನೋಡಿದೆ. ಹನ್ನೊಂದು. ಮೂರನೆಯದರಲ್ಲಿ ಆಫೀಸಿನ ಇನ್ನೂರ ನಲವತ್ತು ಫೋಟೊಗಳು ಏರುತ್ತಿದ್ದವು. ಏಳನೆಯದರಲ್ಲಿ ಒಂದು ಸಿನಿಮಾ ಇಳಿಯುತ್ತಿತ್ತು.

ಕೈ ತೆಗೆದಿದ್ದೆ, ಖರೇ. ಕೆಲಸ ನಿಂತಿರಲಿಲ್ಲ. ಅಡ್ಡ ನುಗ್ಗಿದ ಕುರಿ ನಾನೇ!

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿದೆ. ‘ಈಗ ಒತ್ತವ್ವಾ,’ ಎಂದೆ.

ಒತ್ತಿದಳು. ಚಕ್ರ ಎರಡು ಸುತ್ತು ಹಾಕಿತು. ಹಸಿರು ಟಿಕ್. ನಾಲ್ಕು ಐವತ್ತಾರು.

‘ಆತಪ್ಪಾ!’ ಮಾಯವ್ವ ಅಪ್ಪನ ಕಂಬಳಿಗೆ ಮುಖ ಒತ್ತಿಕೊಂಡಳು.

ನಾನು ತಪ್ಪು ಒಪ್ಪಿಕೊಂಡೆ. ಶಾಂತಕ್ಕ ಸೊಂಟಕ್ಕೆ ಕೈಯಿಟ್ಟರು. ‘ಮೇಡಮ್ಮಾರ, ಕೈ ತಗೀರಿ ಅಂದ್ರ ಬೆಳಗಾಂವ್ದಾಗ ಬರೇ ಕೈ ಅಷ್ಟ ತಗೀತಾರೇನ್ರಿ?’ ಅಂಗಡಿಯೆಲ್ಲ ನಕ್ಕಿತು, ಮಾಯವ್ವನೂ.

ಭಾನುವಾರ ಮನೆಯಲ್ಲಿ ಡೈರಿ ತಿರುವಿದಾಗ ನೆನಪಾಯಿತು. ಆ ಸೋಮವಾರದ ಐವತ್ತೆರಡು ನಿಮಿಷವೂ ಪಕ್ಕದ ಕೋಣೆಯಲ್ಲಿ ಅವ್ವ ಫೋನ್ ಹಿಡಿದು ಕೂತಿದ್ದಳು. ಅದೇ ಲೈನಿನಲ್ಲಿ ಅವಳ ಅಕ್ಕನಿಗೆ ವಿಡಿಯೊ ಕಾಲ್ ಹತ್ತುತ್ತಿರಲಿಲ್ಲ. ‘ನೆಟ್ ಸ್ಲೋ ಐತವ್ವಾ, ಸ್ವಲ್ಪ ತಡಿ,’ ಎಂದಿದ್ದೆ, ಬೆಳ್ಳುಳ್ಳಿ ಸುಲಿಯುತ್ತ.

ಹಾಗೆ ಎಷ್ಟು ಸಲ ಹೇಳಿದ್ದೇನೆ? ಅದಕ್ಕೊಂದು ಕಾಲಂ ನನ್ನ ಡೈರಿಯಲ್ಲಿಲ್ಲ.