ಟೆರೊ ಬೈಗುಳಗಳ ಒಡತಿ

ಬ್ಯೂನಸ್ ಐರಿಸ್ ಸೀಮೆಯ ಪೆರ್ಗಮಿನೊ ಊರಿನಲ್ಲಿ ಮೂವತ್ತೆಂಟು ವರ್ಷ ಟೀವಿ ರಿಪೇರಿ ಮಾಡಿದ ಒವಿದಿಯೊ ಲಾರಾಲ್ದೆ ಮಾತಿನಲ್ಲಿ ಬಲು ಜಿಪುಣ. ಗಿರಾಕಿಗಳು ಟೀವಿ ತಂದಿಟ್ಟು ಅದರ ಕಾಯಿಲೆಯ ಪುರಾಣ ಬಿಚ್ಚಿದರೆ ಎಲ್ಲ ಕೇಳಿ "ಗುರುವಾರ" ಅನ್ನುತ್ತಿದ್ದ, ಅಷ್ಟೇ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಹೆಂಡತಿ ಎರ್ಮಿನಿಯಾಳೇ ಆಡಬೇಕಾಗಿತ್ತು. ಆಕೆಗೆ ಅದು ಹೊರೆ ಅನ್ನಿಸಿದಂತೇನೂ ಕಾಣುತ್ತಿರಲಿಲ್ಲ.

ಎಂಬತ್ತಾರನೇ ಇಸವಿಯಲ್ಲಿ ಕೊಂಡ ಒಂದು ಮನೆ ಕಂಪ್ಯೂಟರು ಅವನ ಬಳಿ ಇತ್ತು. ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದಿಸುತ್ತಿದ್ದ ಕಾಲದ್ದು. ಅಂಗಡಿ ಕಾಯಮ್ಮಾಗಿ ಮುಚ್ಚಿದ ಮೇಲೆ ಅದಕ್ಕಾಗಿಯೇ ಒಂದು ಸಾಧನ ಬರೆಯತೊಡಗಿದ. ಈಗಿನ ಕಂಪ್ಯೂಟರಿನಲ್ಲಿ ಕೂತು ಪ್ರೋಗ್ರಾಂ ಬರೆದರೆ, ಅದನ್ನು ಆ ಹಳೆಯ ಯಂತ್ರಕ್ಕೆ ತಿಳಿಯುವ ಅಂಕಿಗಳನ್ನಾಗಿ ಮಾಡಿಕೊಡುವ ಸಾಧನ. ತಪ್ಪು ಕಂಡರೆ ಕೂಗಬೇಕಲ್ಲ, ಅದಕ್ಕೇ ಬಯಲಿಗೆ ಯಾರು ಕಾಲಿಟ್ಟರೂ ಅರಚಿಕೊಳ್ಳುವ ಟೆರೊ ಹಕ್ಕಿಯ ಹೆಸರಿಟ್ಟ. ಒಳಗಿನ ಬರಹವನ್ನೂ ಬಿಚ್ಚಿ ಇಂಟರ್ನೆಟ್ಟಿಗೆ ಹಾಕಿದ. ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಹಂಚಬಹುದು.

ಮೊದಮೊದಲು ಟೆರೊ ಕೂಡ ಯಜಮಾನನ ಹಾಗೇ. ತಪ್ಪಾದರೆ "ದೋಷ 14" ಎಂದು ಸುಮ್ಮನಾಗುತ್ತಿತ್ತು. ಹದಿನಾಲ್ಕು ಅಂದರೇನಪ್ಪಾ ಎಂದು ಚಿಲಿಯಿಂದ, ಸ್ಪೇನಿನಿಂದ ಜನ ಕೇಳಿ ಬರೆದರು. ಪೂರ್ತಿ ವಾಕ್ಯ ಬರೆಯುವುದೆಂದರೆ ಒವಿದಿಯೊಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಒಂದು ಮಧ್ಯಾಹ್ನ ಪರದೆಯ ಮುಂದೆ ಪೆಚ್ಚಾಗಿ ಕೂತಿದ್ದಾಗ ಅಡುಗೆಮನೆಯಿಂದ ಎರ್ಮಿನಿಯಾಳ ದನಿ ಬಂತು: "ತೆಗೆದ ಬಾಗಿಲು ಹಾಕೋರ್ಯಾರು, ಮುದುಕಾ, ನಿಮ್ಮಮ್ಮನಾ?"

ಅವನು ತಲೆ ಎತ್ತಲಿಲ್ಲ. ಆವರಣ ಚಿಹ್ನೆ ತೆರೆದು ಮುಚ್ಚದೆ ಬಿಡುವವರಿಗೆ ಅದನ್ನೇ ಬರೆದ. ಅಮ್ಮನ ಹೆಸರು ಎಳೆಯಲು ಮನಸ್ಸಾಗದೆ ಅಪ್ಪನನ್ನು ಹಾಕಿದ.

ಆಮೇಲೆ ಕಷ್ಟವಾಗಲಿಲ್ಲ. ಬೇಕಾದ್ದೆಲ್ಲ ನಲವತ್ತೊಂದು ವರ್ಷದಿಂದ ಕಿವಿಯಲ್ಲೇ ಇತ್ತು. ಪ್ರೋಗ್ರಾಮಿನಲ್ಲಿ ಗುರುತಿಲ್ಲದ ಹೆಸರು ಬಂದರೆ, "ಇದ್ಯಾರು? ಈ ಮನೆಗೆ ಯಾವತ್ತೂ ಬಂದವರಲ್ಲ." ಒಂದೇ ಹೆಸರನ್ನು ಎರಡು ಕಡೆ ಇಟ್ಟರೆ, "ಮನೇಲಿ ಒಂದಿದೆ ಅಂತ ಗೊತ್ತಿದ್ದೂ ಇನ್ನೊಂದು ತಂದ್ಯಾ?" ಯಂತ್ರದ ಮೆಮೊರಿ ತುಂಬಿದರೆ, "ಎಲ್ಲಿಡೋಣ ಇದನ್ನ, ನನ್ನ ತಲೆ ಮೇಲಾ?" ಏನೂ ತಪ್ಪಿಲ್ಲದೆ ಕೆಲಸ ಮುಗಿದರೆ, "ಇಷ್ಟಕ್ಕೆ ಇಷ್ಟು ಹೊತ್ತಾ?"

ಜನ ಬೈಸಿಕೊಳ್ಳಲೆಂದೇ ತಪ್ಪು ಮಾಡತೊಡಗಿದರು. ಪೋಲೆಂಡಿನವನೊಬ್ಬ ಸ್ಪ್ಯಾನಿಷ್ ಕಲಿತದ್ದೇ ಟೆರೊದಿಂದ. ಆ ಭಾಷೆಯಲ್ಲೇ ಬ್ಯೂನಸ್ ಐರಿಸ್‌ನ ಹೋಟೆಲಿನವನನ್ನು ಮಾತಾಡಿಸಲು ಹೋಗಿ ರೂಮು ಸಿಗಲಿಲ್ಲವೆಂದು ಬರೆದುಕೊಂಡ.

ಎರ್ಮಿನಿಯಾಳಿಗೆ ಇದಾವುದೂ ತಿಳಿಯದು. ತಿಳಿದದ್ದು ರೊಸಾರಿಯೊದಲ್ಲಿ. ಹಳೆ ಕಂಪ್ಯೂಟರಿನವರ ಕೂಟ ಅಲ್ಲಿನ ಕ್ಲಬ್ಬೊಂದರಲ್ಲಿ ವರ್ಷಕ್ಕೊಮ್ಮೆ ಸೇರುತ್ತಿತ್ತು. ಆ ಸಲ ತಾನೂ ಬರುತ್ತೇನೆಂದು ಹಟ ಹಿಡಿದು, ಎಂಪನಾದ ಕಡುಬುಗಳ ತಟ್ಟೆ ಹೊತ್ತು ಹೊರಟಳು. ಕಾರ್ದೊಬಾದ ದಂತವೈದ್ಯೆ ಯಾನಿನಾ ಬೆರ್ತೊನೆ ತಾನು ಬರೆದ ಆಟ ತೋರಿಸುತ್ತಿದ್ದಳು. ಒಂದು ಹೆಸರಿನಲ್ಲಿ ಅಕ್ಷರ ತಪ್ಪಿತು. ಪರದೆಯಲ್ಲಿ ಸಾಲು ಮೂಡುವ ಮೊದಲೇ ನಲವತ್ತು ಜನ ಒಂದೇ ದನಿಯಲ್ಲಿ ರಾಗ ಎಳೆದರು: "ಇದ್ಯಾರು? ಈ ಮನೆಗೆ ಯಾವತ್ತೂ ಬಂದವರಲ್ಲ."

ಎರ್ಮಿನಿಯಾ ತಟ್ಟೆ ಕೆಳಗಿಟ್ಟಳು. ಮೇಜಿನಿಂದ ಮೇಜಿಗೆ ಹೋಗಿ ಪರದೆಗಳನ್ನೆಲ್ಲ ಓದಿದಳು. ಇದೆಲ್ಲ ನನ್ನ ಮಾತು ಎಂದು ಆಕೆ ಯಾನಿನಾಗೆ ಹೇಳಿದ್ದೇ ತಡ, ಚಪ್ಪಾಳೆ ಬಿತ್ತು, ಫೋಟೋ ತೆಗೆದರು. ಆದರೆ ಊರಿಗೆ ವಾಪಸಾಗುವ ಬಸ್ಸಿನಲ್ಲಿ ಎರಡು ತಾಸೂ ಆಕೆ ತುಟಿ ಬಿಚ್ಚಲಿಲ್ಲ. ಒವಿದಿಯೊಗೆ ಬೈಗುಳ ರೂಢಿಯಾಗಿತ್ತು, ಮೌನ ಗೊತ್ತಿರಲಿಲ್ಲ. ಭಾರಿ ಕೋಪವೇ ಇರಬೇಕು ಅಂದುಕೊಂಡ.

ಮಾರನೆಯ ಬೆಳಿಗ್ಗೆ ಎದ್ದವನೇ ಎಲ್ಲ ಬೈಗುಳ ಅಳಿಸಿ ಮತ್ತೆ ನಂಬರು ಹಾಕಿದ. ಸಂಜೆಯೊಳಗೆ ನಾಲ್ಕು ದೇಶಗಳಿಂದ ಗಲಾಟೆ. ಯಾನಿನಾ ಜಗಳವಾಡುತ್ತಾ ಕೂರಲಿಲ್ಲ. ಯಾರು ಬೇಕಾದರೂ ಒಯ್ಯಬಹುದೆಂದು ಅವನೇ ಬರೆದಿದ್ದನಲ್ಲ, ಹಳೆಯ ಟೆರೊವನ್ನು ಹಾಗೇ ಎತ್ತಿಕೊಂಡು ಹೊಸ ಹೆಸರಿಟ್ಟು ಹೊರತಂದಳು. ವಾರದಲ್ಲಿ ಎಲ್ಲರೂ ಅತ್ತ ಹೋದರು. ಟೆರೊಗೆ ಉಳಿದದ್ದು ಫಿನ್‌ಲ್ಯಾಂಡಿನ ಒಬ್ಬನೇ ಆಸಾಮಿ. "ಈಗ ಸರಿಯಾಯ್ತು" ಎಂದು ಎರಡೇ ಪದ ಬರೆದಿದ್ದ.

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಎರ್ಮಿನಿಯಾ ಮಾಟೆ ಕಷಾಯಕ್ಕೆ ಬಿಸಿನೀರು ಬಗ್ಗಿಸುತ್ತಿದ್ದಾಗ ಒವಿದಿಯೊ ಬಾಯಿಬಿಟ್ಟ.

"ನಿನ್ನ ಹೆಸರಿಟ್ಟಿದಾರೆ."

"ಯಾವುದಕ್ಕೆ?"

"ಬೈಯೋ ಟೆರೊಗೆ. ಎರ್ಮಿನಿಯಾ ಅಂತ."

ಆಕೆ ಕೆಟಲು ಕೆಳಗಿಟ್ಟು ಅವನ ಎದುರಿಗೇ ಕೂತಳು. "ನಲವತ್ತೊಂದು ವರ್ಷ ಗೋಡೆ ಜೊತೆ ಮಾತಾಡ್ತಿದೀನಿ ಅಂದ್ಕೊಂಡಿದ್ದೆ ಕಣೋ. ಬಸ್ಸಲ್ಲಿ ಅದನ್ನೇ ಯೋಚಿಸ್ತಿದ್ದೆ. ಒಂದೊಂದೂ ಕೇಳಿಸ್ಕೊಂಡಿದೀಯ ನೀನು."

ಒವಿದಿಯೊ ಅಂದ: "ಕೇಳಿಸ್ತಿತ್ತು."

ಆಕೆಯ ಕಣ್ಣು ಒಂದು ಗಳಿಗೆ ತೇವವಾಯಿತು. ಒಂದೇ ಗಳಿಗೆ.

"ಕೇಳಿಸ್ಕೊಂಡೂ ಬಾಗಿಲು ಹಾಕ್ಲಿಲ್ವಲ್ಲ, ಅದಕ್ಕೇನಂತೀಯ?"

ಆಕೆ ಕನ್ನಡಕ ತರಿಸಿ, ಅರವತ್ಮೂರು ಬೈಗುಳಗಳ ಪಟ್ಟಿ ಮುಂದಿಟ್ಟುಕೊಂಡು ಹತ್ತೊಂಬತ್ತನ್ನು ತಿದ್ದಿದಳು. ಮಾವ ದೇವರಂಥ ಮನುಷ್ಯ, ಅವರನ್ನು ತಾನು ಯಾವತ್ತೂ ಎಳೆದಿಲ್ಲ, ಅತ್ತೆಯನ್ನು ವಾಪಸು ಹಾಕು ಅಂದಳು. ತಿದ್ದಿದ ಪಟ್ಟಿಯನ್ನು ಗಂಡನಿಗೆ ಕೊಡದೆ ನೇರ ಯಾನಿನಾಗೆ ಕಳಿಸಿದಳು.

ಒವಿದಿಯೊ ನಂಬರಿನ ಟೆರೊವನ್ನು ಫಿನ್‌ಲ್ಯಾಂಡಿನವನಿಗೇ ಬಿಟ್ಟುಕೊಟ್ಟ. ಈಗ ತಾನೂ ಎರ್ಮಿನಿಯಾ ಹೆಸರಿನ ಟೆರೊಗೇ ದುಡಿಯುತ್ತಾನೆ. ಕೋಡಿನ ವಿಚಾರ ಅವನದು, ಯಾನಿನಾಳದು. ಪರದೆ ಮೇಲೆ ಬರುವ ಒಂದೊಂದು ಮಾತಿಗೂ ಮಾತ್ರ ಹೆಂಡತಿಯ ಒಪ್ಪಿಗೆ ಬೇಕು. ಒಮ್ಮೆ ಒವಿದಿಯೊ ತಾನೇ ಒಂದು ಸಾಲು ಕಟ್ಟಿ ತೋರಿಸಿದ್ದಕ್ಕೆ, ಇದರಲ್ಲಿ ಉಪ್ಪಿಲ್ಲ ಎಂದು ಮುಖ ನೋಡದೆ ವಾಪಸು ಕೊಟ್ಟಳು.

ಮಂಗಳವಾರ ಮಂಗಳವಾರ ಹೊಸ ಬೈಗುಳಗಳ ಚರ್ಚೆಗೆ ಯಾನಿನಾ ಫೋನ್ ಮಾಡುತ್ತಾಳೆ. ಮಾತು ಒಂದೂವರೆ ತಾಸಿಗೆ ಮೊದಲು ಮುಗಿಯುವುದಿಲ್ಲ. ಅಷ್ಟು ಹೊತ್ತೂ ಒಲೆ ಮುಂದೆ ನಿಲ್ಲುವವನು ಒವಿದಿಯೊ. ಅವನು ಮಾಡುವ ಮಸೂರ್ ಬೇಳೆಯ ಗಟ್ಟಿ ಸಾರು, ಗಿಸೊ, ಈಗೀಗ ತಿನ್ನುವ ಹಾಗಾಗಿದೆ.