ಹಾವಿಗೆಂದು ಬಾರಿಸಿದ ತಟ್ಟೆ

ನಮ್ಮ ಆಫೀಸಿನ ರೂಪಾ ಮೊನ್ನೆ ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ಎಚ್.ಡಿ. ಕೋಟೆಯಿಂದಾಚೆ, ಎನ್. ಬೇಗೂರಿನ ಕಡೆಯ ಹಿನ್ನೀರಿನ ದಂಡೆ. ಭಾನುವಾರ ಆಫೀಸಿನವರೆಲ್ಲರೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗೋಣ ಎಂದು ಕೆಳಗೆ ಬರೆದಿದ್ದಳು. ನೀರು ಚೆನ್ನಾಗಿತ್ತು, ಮರದ ನೆರಳೂ ಚೆನ್ನಾಗಿತ್ತು. ಆದರೆ ನನ್ನ ಕಣ್ಣು ಹೋದದ್ದು ನೀರಿಗೂ ನೆರಳಿಗೂ ನಡುವೆ ಇದ್ದ ಮೊಣಕಾಲೆತ್ತರದ ಹುಲ್ಲಿಗೆ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಎಡದಿಂದ ಬಲಕ್ಕೆ ಸಾಲು ಸಾಲಾಗಿ ಹುಡುಕಿದೆ. ಏನೂ ಕಾಣಲಿಲ್ಲ. ಹಾವಿನ ವಿಷಯದಲ್ಲಿ ಏನೂ ಕಾಣದಿರುವುದೇ ಹೆಚ್ಚು ಭಯದ ಸಂಗತಿ ಎಂದು ನಿಮಗೂ ಗೊತ್ತಿರಬಹುದು. ಉತ್ತರ ಬರೆಯದೆ ಮೊಬೈಲನ್ನು ಮಗುಚಿಟ್ಟೆ.

ಈ ಭಯ ಎಂದು ಹುಟ್ಟಿತೋ ನನ್ನ ಡೈರಿಯಲ್ಲಿಲ್ಲ. ಉಳಿದದ್ದೆಲ್ಲ ಇದೆ. ಒಂಬತ್ತನೇ ತರಗತಿ ಮುಗಿದ ಬೇಸಿಗೆಯನ್ನು ಪಿರಿಯಾಪಟ್ಟಣದ ಹತ್ತಿರ ಮಾವನ ಊರಿನಲ್ಲಿ ಕಳೆದೆ. ಅದಕ್ಕೆ ಒಂದು ಪ್ರತ್ಯೇಕ ಪುಸ್ತಕವೇ ಇದೆ. ಮೊದಲ ವಾರದ ಕೊನೆಗೆ ಹೀಗೆ ಬರೆದಿದ್ದೇನೆ: "ಕಂಡ ಹಾವು ಏಳು. ವಿಚಾರಿಸಿದ ಮೇಲೆ: ಡ್ರಿಪ್ ಪೈಪು ಮೂರು, ಎತ್ತಿನ ಹಗ್ಗ ಒಂದು, ಮಾವನ ಬೆಲ್ಟು ಒಂದು, ಎಮ್ಮೆಯ ಬಾಲ ಒಂದು. ಇನ್ನೊಂದನ್ನು ವಿಚಾರಿಸುವ ಧೈರ್ಯ ಬರಲಿಲ್ಲ." ಎಮ್ಮೆಯ ಬಾಲ ಹೇಗೆ ಹಾವಾಯಿತು ಎಂದು ಕೇಳಬೇಡಿ. ಎಮ್ಮೆ ಬೇಲಿಯ ಆಚೆಗಿತ್ತು, ಬಾಲ ಈಚೆಗಿತ್ತು.

ಹಾಗೆಂದು ಮನೆಯೊಳಗೆ ಕೂರುವವಳಲ್ಲ ನಾನು. ಮಾವನ ಹೊಲದ ಕೊನೆಗೆ ಕೆರೆ, ಕೆರೆಯ ಏರಿಯ ಕೆಳಗೆ ಒಂದು ಮಾವಿನ ಮರ. ಅದರ ಬುಡದಲ್ಲಿ ಕೂತು ಉಪ್ಪು ಖಾರ ಹಚ್ಚಿದ ಕಾಯಿ ತಿನ್ನುತ್ತಾ ತೂಬಿನ ನೀರಿಗೆ ಕಾಲು ಇಳಿಬಿಟ್ಟರೆ, ಮೈಸೂರಿನ ನಮ್ಮ ಬಾಡಿಗೆ ಮನೆಯ ಶೀಟಿನ ಮಾಡು, ಅದರ ಕೆಳಗಿನ ಕಾವು ಎಲ್ಲ ಮರೆತುಹೋಗುತ್ತಿತ್ತು. ಆ ಇಡೀ ವರ್ಷ ನಾನು ಕಾದದ್ದು ಈ ಒಂದು ತಿಂಗಳಿಗೆ.

ಮರಕ್ಕೆ ಇದ್ದದ್ದು ಒಂದೇ ದಾರಿ, ಬದುವಿನ ಮೇಲೆ. ನನ್ನ ಎಣಿಕೆಯಲ್ಲಿ ಇನ್ನೂರ ಹನ್ನೆರಡು ಹೆಜ್ಜೆ, ಎರಡೂ ಕಡೆ ಹುಲ್ಲು. ಅತ್ತೆ ಅಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದರು. ಬದುವಿಗೆ ಕಾಲಿಡುವ ಮುಂಚೆ ಮಾತ್ರ ಒಮ್ಮೆ ನಿಂತು, "ಬತ್ತಾ ಇದೀವಿ ಕಣಪ್ಪ, ವಸಿ ದಾರಿ ಬುಡು" ಅನ್ನುತ್ತಿದ್ದರು, ಬಸ್ಸಿನಲ್ಲಿ ಜಾಗ ಕೇಳುವ ಹಾಗೆ. ಆ ಊರಿನ ಹೆಂಗಸರೆಲ್ಲ ಹಾವಿಗೆ ಹೀಗೆ ಹೇಳಿಯೇ ಹೊಲಕ್ಕೆ ಇಳಿಯುತ್ತಿದ್ದರು. ಪದ್ಧತಿ ನನಗೆ ಹಿಡಿಸಿತು, ಆದರೆ ಅತ್ತೆಯ ದನಿ ಸಾಲದೆನ್ನಿಸಿತು. ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ, ಒಂದು ಸೌಟು ತೆಗೆದುಕೊಂಡೆ. ಹತ್ತು ಹೆಜ್ಜೆಗೆ ಮೂರು ಏಟು.

ಮೊದಲ ದಿನ ಮರ ಮುಟ್ಟಿ, ಕಾಯಿ ಕಚ್ಚಿ, ಖಾರ ನಾಲಿಗೆಗೆ ಹತ್ತುವಷ್ಟರಲ್ಲಿ ಬ್ಯಾರನ್ನಿನ ಹಿಂದಿನಿಂದ ಐದು ಜನ ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮನೆಯ ಕಡೆ ನಡೆದರು. ಬ್ಯಾರನ್ ಎಂದರೆ ಹೊಗೆಸೊಪ್ಪು ಒಣಗಿಸುವ ಎತ್ತರದ ಕಟ್ಟಡ. ಅದರ ಹಿಂದಿನ ಸಸಿ ಮಡಿಗಳಲ್ಲಿ ಅವರು ಕಳೆ ಕೀಳುತ್ತಿದ್ದರು. ಅಲ್ಲಿಂದ ಮನೆ ಕಾಣುವುದಿಲ್ಲ. ಹಾಗಾಗಿ ಊಟ ಸಿದ್ಧವಾದಾಗ ಅತ್ತೆ ತಟ್ಟೆ ಬಾರಿಸುತ್ತಾರೆ, ಅವರು ಬರುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಆಗ ಗಂಟೆ ಹತ್ತೂಕಾಲು. ಒಲೆಯ ಮೇಲೆ ಎಸರು ಕೂಡ ಇಟ್ಟಿರಲಿಲ್ಲ.

"ಯಾಕವ್ವಾ, ಇವತ್ತು ಇಷ್ಟ್ ಬಿರ್ನೆ ಆಗೋಯ್ತಾ ಇಟ್ಟು?" ಅಂದಳು ಅವರಲ್ಲಿ ಹಿರಿಯಳಾದ ಪುಟ್ಟಕ್ಕ.

"ಯಾರ್ ಕರುದ್ರು ನಿಮ್ಮ?" ಅಂದರು ಅತ್ತೆ.

ಎಲ್ಲರೂ ಏರಿಯ ಕಡೆ ತಿರುಗಿದರು. ನನ್ನ ಕೈಯಲ್ಲಿ ತಟ್ಟೆ ಇತ್ತು.

ಎರಡನೆಯ ದಿನ ಮೆಲ್ಲಗೆ ಬಾರಿಸಿದೆ. ಹಸಿದವರ ಕಿವಿ ಬಹಳ ಚುರುಕು, ಆವತ್ತೂ ಬಂದರು. ಮೂರನೆಯ ದಿನ ನಾನು ಬಾರಿಸಿದಾಗ ಬರಲಿಲ್ಲ. ಮಧ್ಯಾಹ್ನ ಅತ್ತೆ ಬಾರಿಸಿದಾಗಲೂ, ಇದು ಆ ಹುಡುಗಿಯದೇ ಎಂದುಕೊಂಡು, ಬರಲಿಲ್ಲ. ಮುದ್ದೆ ಆರಿ ಕಲ್ಲಾಯಿತು. ಅತ್ತೆ ಸೊಂಟಕ್ಕೆ ಕೈಯಿಟ್ಟು ನನ್ನೆದುರು ನಿಂತರು.

"ನೋಡಮ್ಮಿ, ಇನ್ನೊಂದ್ ಕಿತ ಗಲಾಟೆ ಮಾಡುದ್ರೆ ಮೊದಲ್ನೇ ಬಸ್ಸಿಗೇ ಮೈಸೂರ್ಗೆ ಅತ್ತಿಸ್ಬುಡ್ತೀನಿ. ನಾಳೆಯಿಂದ ಮಡಿಗೆ ಮಜ್ಗೆ ನೀನೇ ತಕೊಂಡೋಗು. ಬಾಯ್ ಮುಚ್ಕೊಂಡು."

ಮಡಿಗೂ ಅದೇ ಬದುವಿನ ಮೇಲೆ ಅರ್ಧ ದಾರಿ ಹೋಗಿ ತಿರುಗಬೇಕು. ಪುಸ್ತಕದಲ್ಲಿ ಎರಡು ಕಾಲಂ ಹಾಕಿ, ಶೀಟಿನ ಮಾಡನ್ನೂ ಹುಲ್ಲಿನ ಬದುವನ್ನೂ ತೂಗಿ ನೋಡಿದೆ. ಸರಿಸಮ ಬಂತು. ಮಾವಿನಕಾಯಿಯನ್ನು ಎರಡು ಸಲ ಸೇರಿಸಿದ ಮೇಲೆ ಬದು ಗೆದ್ದಿತು.

ಮರುದಿನ ಮಜ್ಜಿಗೆಯ ಬಕೆಟ್ಟು ಹಿಡಿದು ಎಂಬತ್ತಮೂರನೇ ಹೆಜ್ಜೆಗೆ ಬಂದಿದ್ದೆ. ದಾರಿಗೆ ಅಡ್ಡವಾಗಿ ಒಂದು ಪೈಪು ಬಿದ್ದಿತ್ತು. ಪೈಪು ತಲೆ ಎತ್ತಿತು.

ಕೂಗಿದರೆ ಬಸ್ಸು. ಹಿಂದಕ್ಕೆ ಓಡಿದರೂ ಬಸ್ಸು. ನಿಂತಲ್ಲೇ, ಮೇಷ್ಟರ ಹತ್ತಿರ ರಜೆ ಕೇಳುವ ದನಿಯಲ್ಲಿ, "ದಯವಿಟ್ಟು ಸ್ವಲ್ಪ ಸರೀತೀರಾ?" ಅಂದೆ. ಸರಿಯಲಿಲ್ಲ. ಇನ್ನೊಮ್ಮೆ ಕೇಳಿದೆ. ಮಡಿಯಲ್ಲಿದ್ದ ಪುಟ್ಟಕ್ಕ ಎದ್ದು ನೋಡಿದಳು.

"ಏನಮ್ಮೀ, ಬೀಗ್ರ್ ಮಾತಾಡ್ಸ್ದಂಗೆ ಮಾತಾಡ್ಸ್ತಾ ನಿಂತಿದೀಯಾ! ಕೇರೆ ಕಣಮ್ಮಿ ಅದು, ಏನೂ ಮಾಡಕಿಲ್ಲ. ಅದ್ಕೆ ಕಿವಿ ಎಲ್ಲೈತೆ? ಕಾಲ್ ಬಡಿ ನೆಲುಕ್ಕೆ!"

ಬಡಿದೆ. ಅರ್ಧ ಮಜ್ಜಿಗೆ ನನ್ನ ಲಂಗದ ಮೇಲೆ ಬಿತ್ತು. ಹಾವು ಹುಲ್ಲಿಗೆ ನುಗ್ಗಿದ ರಭಸ ನೋಡಿದರೆ ಅದಕ್ಕೂ ಯಾರೋ ಬಸ್ಸಿನ ಬೆದರಿಕೆ ಹಾಕಿದ್ದರೇನೋ. ಉಳಿದ ಅರ್ಧವನ್ನು ಐದು ಜನಕ್ಕೆ ಹಂಚಿದೆ. ಯಾರೂ ಬೈಯಲಿಲ್ಲ. ನಕ್ಕು ನಕ್ಕು ಅವರಿಗೆ ಅಷ್ಟನ್ನು ಕುಡಿಯಲೂ ಆಗಲಿಲ್ಲ.

ಅಂದರೆ ಮೂರು ದಿನದ ನನ್ನ ವಾದ್ಯವನ್ನು ಹಾವುಗಳನ್ನು ಬಿಟ್ಟು ಉಳಿದವರೆಲ್ಲ ಕೇಳಿದ್ದರು! ಮನೆಗೆ ಬಂದವಳೇ ಅತ್ತೆಯನ್ನು ಕೇಳಿದೆ: "ಹಾವಿಗೆ ಕಿವಿಯೇ ಇಲ್ಲವಂತೆ. ಮತ್ತೆ ನೀವ್ಯಾಕೆ ದಿನಾ ಅದಕ್ಕೆ ಹೇಳ್ತೀರಿ?"

ಮುದ್ದೆ ಕಟ್ಟುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಅದ್ಕಲ್ಲ ಕಣಮ್ಮಿ ನಾನ್ ಯೋಳದು, ನಂಗೇ ಯೋಳ್ಕೊಳದು. ಈ ಮನೆಗ್ ಬಂದು ಇಪ್ಪತ್ ವರ್ಷಾಯ್ತು. ಇವತ್ಗೂ ಆ ಬದಿನ್ ಮ್ಯಾಲೆ ಕಾಲಿಡ್ಬೇಕಾದ್ರೆ ಎದೆ ಡವಡವ ಅಂತದೆ." ಇನ್ನೊಂದು ಮುದ್ದೆ ಕಟ್ಟಿಟ್ಟು, "ನಿಮ್ ಮಾವುಂಗೆ ಯೋಳ್ಬೇಡ" ಅಂದರು.

ಆ ಬೇಸಿಗೆಯ ಉಳಿದ ದಿನ ನಾವಿಬ್ಬರೂ ಜೊತೆಯಲ್ಲೇ ಬದು ದಾಟಿದೆವು, ದಪದಪ ಕಾಲು ಬಡಿಯುತ್ತಾ. ದೂರದಿಂದ ನೋಡಿದವರಿಗೆ ಅತ್ತೆ ಸೊಸೆ ಜಗಳವಾಡಿಕೊಂಡು ಹೋಗುವ ಹಾಗೆ ಕಾಣುತ್ತಿತ್ತಂತೆ.

ಇಷ್ಟೆಲ್ಲ ನೆನೆದು ಮೊಬೈಲು ಕೈಗೆತ್ತಿಕೊಂಡೆ. ಭಾನುವಾರ ಮನೆಯಲ್ಲಿ ಕೆಲಸವಿದೆ ಎಂಬ ಸುಳ್ಳು ಬೆರಳ ತುದಿಗೇ ಬಂದಿತ್ತು. ಅದನ್ನು ಬಿಟ್ಟು, "ಬರ್ತೀನಿ. ಆದರೆ ನಂಗೆ ಹಾವು ಅಂದ್ರೆ ತುಂಬಾ ಭಯ" ಎಂದು ಬರೆದೆ. ಯಾರಿಗಾದರೂ ಹಾಗೆ ಬರೆದದ್ದು ಅದೇ ಮೊದಲು. ರೂಪಾ ಬರೆದಳು:

"ನಂಗೂ ಕಣೇ. ಇಲ್ದಿದ್ರೆ ಹನ್ನೊಂದು ಜನರನ್ನ ಯಾಕೆ ಕರೀತಿದ್ದೆ?"