ಪಂಚಾಕ್ಷರಪ್ಪನ ಹೋದ ಮಾತು, ಇದ್ದ ಬುದ್ಧಿ

ಅರವತ್ತೆರಡನೇ ಇಸವಿಯಲ್ಲಿ ದಾವಣಗೆರೆಯ ಹತ್ತಿ ದಲ್ಲಾಳಿ ಪಂಚಾಕ್ಷರಪ್ಪನಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಬಾಯಲ್ಲಿ ಉಳಿದದ್ದು "ಶಿವಶಿವ" ಒಂದೇ. ನೀರು ಬೇಕಾದರೂ ಶಿವಶಿವ, ಸಿಟ್ಟು ಬಂದರೂ ಶಿವಶಿವ. ಪೇಟೆ ಹಲ್ಲು ಕಿಸಿಯಿತು.

ಹರಿಹರದ ಡಾಕ್ಟರು ಹೆಂಡತಿ ಕಸ್ತೂರಮ್ಮನಿಗೆ ಬಿಡಿಸಿ ಹೇಳಿದ್ದರು: "ಮಿದುಳಿನ ಎಡಗಡೆ ಮಾತಿನ ಜಾಗ ಐತಮ್ಮ. ಪೆಟ್ಟು ಬಿದ್ದಿರೋದು ಅಲ್ಲಿ. ಬುದ್ಧಿ ಎಲ್ಲೂ ಹೋಗಿಲ್ಲ."

ಮೈದುನ ಕರಿಬಸವರಾಜನಿಗೆ ಅಣ್ಣನ ಅಂಗಡಿಯ ಗದ್ದುಗೆ ಬೇಕಿತ್ತು. "ಅಣ್ಣಗೆ ತಲೆ ಕೆಟ್ಟೈತೆ, ಹುಚ್ಚಾಸ್ಪತ್ರೆಗೆ ಹಾಕ್ತೀನಿ" ಎಂದು ಸಾರಿಕೊಂಡು ಬಂದ. ಉಂಡ ಮನೆಯ ಜಂತೆ ಎಣಿಸುವ ಜಾತಿ!

ಕಸ್ತೂರಮ್ಮ ಗಂಡನನ್ನು ಹತ್ತಿ ಮಾರುಕಟ್ಟೆಗೆ ನಡೆಸಿಕೊಂಡು ಹೋದಳು. ಅಲ್ಲಿ ದರವನ್ನು ಬಾಯಲ್ಲಿ ಕೂಗುವುದಿಲ್ಲ, ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. "ಹಿಡೀರಿ ಈ ಹುಚ್ಚನ ಬೆರಳು!" ಎಂದಳು.

ಹಳೇ ಖರೀದಿದಾರ ಕೆಂಚವೀರಪ್ಪ ಕೈ ಒಡ್ಡಿದ. ಪಂಚಾಕ್ಷರಪ್ಪನ ಲಕ್ವ ತಟ್ಟದ ಎಡಗೈ ಮೂರು ಸಲ ಒಲ್ಲೆನೆಂದು ಚಿವುಟಿತು. ನಾಲ್ಕನೇ ಸಲಕ್ಕೆ ಕೆಂಚವೀರಪ್ಪ ಆ ಬೆರಳು ಕೇಳಿದ ದರಕ್ಕೇ ಒಪ್ಪಿ ಬೆವರೊರೆಸಿಕೊಂಡ. "ಯಾವನ್ರೀ ಹುಚ್ಚ ಅಂದೋನು? ನನ್ನ ಸುಲಿದುಬಿಟ್ರಲ್ಲ!"

"ಆರು ತಿಂಗಳು ನಕ್ಕಿರಲ್ಲ, ಈಗ ನಗ್ರಿ" ಎಂದಳು ಕಸ್ತೂರಮ್ಮ, ಪೇಟೆಯವರತ್ತ ತಿರುಗಿ.

ಪಂಚಾಕ್ಷರಪ್ಪ ಮರುದಿನವೇ ಗದ್ದುಗೆಯ ಮೇಲೆ ಕೂತ. ತಪ್ಪಾಯಿತು ಎಂದವರು ಮಾತ್ರ, ಮಾತು ಬಲ್ಲ ಅಷ್ಟು ಜನರಲ್ಲಿ, ಒಬ್ಬರೂ ಇಲ್ಲ.